ಬೇರಿನ ತುದಿಯ ಕಪ್ಪು ಚುಕ್ಕೆ ರಂಧ್ರವೋ ಕೀವೋ: ಕೆಳದವಡೆಯ ಎಕ್ಸ್‌ರೇ ಓದುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲ್ಲೂಕು ಊರುಗಳಲ್ಲಿ ಹೊಸದಾಗಿ ದಂತ ಚಿಕಿತ್ಸಾಲಯ ತೆರೆದ ಯುವ ವೈದ್ಯರು ನನಗೆ ಕಳುಹಿಸುವ ಎಕ್ಸ್‌ರೇಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಬರುತ್ತದೆ. ಕೆಳದವಡೆಯ ಎರಡನೆಯ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಎರಡು ಹಲ್ಲುಗಳಲ್ಲಿ ಹಿಂದಿನದು), ಅದರ ಬೇರಿನ ತುದಿಯಲ್ಲಿ ದುಂಡನೆಯ ಕಪ್ಪು ಚುಕ್ಕೆ, ಜೊತೆಗೆ ಒಂದೇ ಸಾಲಿನ ಪ್ರಶ್ನೆ: "ಸರ್, ಆರ್‌ಸಿಟಿ ಚಾಲೂ ಮಾಡ್ಲೇನ್ರಿ?" ಆರ್‌ಸಿಟಿ ಎಂದರೆ ಹಲ್ಲಿನ ಒಳತಿರುಳು ತೆಗೆದು ತುಂಬುವ ರೂಟ್ ಕೆನಾಲ್ ಚಿಕಿತ್ಸೆ. ಹಲ್ಲಿನಲ್ಲಿ ಹುಳುಕಿರುವುದಿಲ್ಲ, ಹಳೆಯ ಫಿಲ್ಲಿಂಗ್ ಇರುವುದಿಲ್ಲ, ಪೆಟ್ಟು ಬಿದ್ದ ನೆನಪೂ ರೋಗಿಗಿರುವುದಿಲ್ಲ. ಅಂಥ ಹಲ್ಲಿನ ಬುಡದ ಚುಕ್ಕೆ ಬಹುಪಾಲು ಸಲ ಮೆಂಟಲ್ ಫೊರಾಮೆನ್ ಆಗಿರುತ್ತದೆ. ಕೆಳತುಟಿಗೂ ಗದ್ದದ ಚರ್ಮಕ್ಕೂ ಸ್ಪರ್ಶಜ್ಞಾನ ಕೊಡುವ ನರವು ಮೂಳೆಯಿಂದ ಹೊರಬೀಳುವ ಬಾಗಿಲು ಅದು.

ಹೀಗೆ ತಪ್ಪುವವರು ಓದು ಬಾರದವರೇನಲ್ಲ. ಅವರು ಚುಕ್ಕೆಯನ್ನು ಮೊದಲು ನೋಡುತ್ತಾರೆ, ಹಲ್ಲನ್ನು ಆಮೇಲೆ ನೋಡುತ್ತಾರೆ. ತಪ್ಪು ಅಲ್ಲೇ ಶುರುವಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಸಾಲಿನಲ್ಲೇ ಮಾಡಬೇಕು, ಚುಕ್ಕೆಯ ತೀರ್ಮಾನವನ್ನು ಕೊನೆಗಿಟ್ಟುಕೊಳ್ಳಬೇಕು.

ಮೊದಲು ಒಟ್ಟುಮಾಡಿಕೊಳ್ಳಬೇಕಾದ ಸಾಮಾನು

ಒಂದು ಒಣ ಕೆಳದವಡೆ ಮೂಳೆ, 15 ಮತ್ತು 25ನೇ ಸಂಖ್ಯೆಯ (ದಪ್ಪದ ಅಳತೆ) ಕೆಲವು ಗಟ್ಟಾಪರ್ಚಾ ಕಡ್ಡಿಗಳು (ಬೇರಿನ ಕಾಲುವೆ ತುಂಬಲು ಬಳಸುವ ಮೆತ್ತನೆಯ ಕಡ್ಡಿಗಳು), ಫಿಲ್ಮ್ ಅಥವಾ ಆರ್‌ವಿಜಿ (ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ) ಸೆನ್ಸರ್, ಅದನ್ನು ಹಿಡಿದಿಡುವ ಹೋಲ್ಡರ್, ಭೂತಗನ್ನಡಿ, ಮಂದ ಬೆಳಕಿನ ಕೋಣೆ, ಫಿಲ್ಮ್ ಬಳಸುವವರಾದರೆ ಅಂಚುಗಳಿಗೆ ಕಪ್ಪು ಕಾಗದ ಅಂಟಿಸಿದ ವ್ಯೂ ಬಾಕ್ಸ್. ಹಲ್ಲಿನ ಪರೀಕ್ಷೆಗೆ ಐಸ್ ಕಡ್ಡಿ ಬೇಕು. ಬಳಸದ ಇಂಜೆಕ್ಷನ್ ಸೂಜಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಪೆನ್ಸಿಲ್ಲಿನಂಥ ಕಡ್ಡಿ ಸಿದ್ಧವಾಗುತ್ತದೆ.

ಒಣ ಮೂಳೆ ಎಲ್ಲಿ ಸಿಗುತ್ತದೆಂಬ ಚಿಂತೆ ಬೇಡ. ಬೆಳಗಾವಿಯಲ್ಲಿ ಕೆಎಲ್‌ಇ, ಬಾಗಲಕೋಟೆಯಲ್ಲಿ ಪಿಎಂಎನ್‌ಎಂ, ವಿಜಯಪುರದಲ್ಲಿ ಅಲ್ ಅಮೀನ್ ಹೀಗೆ ಮೂರೂ ಊರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ನೀವು ಓದಿದ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅನುಮತಿ ಕೇಳಿ, ಒಂದು ಮಧ್ಯಾಹ್ನ ಕುಳಿತು ಕೆಲಸ ಮುಗಿಸಬಹುದು.

ಹಂತ 1: ರಂಧ್ರಗಳನ್ನು ಮೂಳೆಯ ಮೇಲೆ ಬೆರಳಿನಿಂದ ಗುರುತಿಸಿ

ಮೂಳೆಯನ್ನು ಕೈಯಲ್ಲಿ ಹಿಡಿಯದೆ ಚಿತ್ರ ಓದಲು ಹೊರಟರೆ ಚಪ್ಪಟೆ ನೆರಳನ್ನು ಊಹೆಯಿಂದಷ್ಟೇ ಓದಿದಂತಾಗುತ್ತದೆ. ಆರಂಭ ಹಿಂದಿನಿಂದ ಆಗಲಿ. ದವಡೆಯ ನಿಲುವಾದ ಭಾಗವಾದ ರೇಮಸ್ಸಿನ ಒಳಮೈಯಲ್ಲಿ, ಸುಮಾರು ನಡುಮಧ್ಯದಲ್ಲಿ, ಮ್ಯಾಂಡಿಬ್ಯುಲರ್ ಫೊರಾಮೆನ್ ಇದೆ. ಅದರ ಮುಂದಿನ ಅಂಚಿನಲ್ಲಿ ನಾಲಗೆಯಂತೆ ಚಾಚಿಕೊಂಡ ಲಿಂಗ್ಯುಲಾ ಎಂಬ ಚಿಕ್ಕ ಮೂಳೆಚೂರು ಬೆರಳಿಗೆ ತಾಗುತ್ತದೆ. ಅಲ್ಲಿಂದಲೇ ಕೆಳಗೆ ಮುಂದಕ್ಕೆ ಇಳಿಯುವ ಸಣ್ಣ ತೋಡಿನಲ್ಲಿ ಮೈಲೋಹಯಾಯ್ಡ್ ನರ ಸಾಗುತ್ತದೆ. ಇನ್ಫೀರಿಯರ್ ಆಲ್ವಿಯೋಲರ್ ನರ, ರಕ್ತನಾಳಗಳ ಜೊತೆಗೆ, ಈ ರಂಧ್ರದಿಂದ ಒಳಹೊಕ್ಕು ಮೂಳೆಯೊಳಗಿನ ಕಾಲುವೆಯಲ್ಲಿ ಮುಂದೆ ಹರಿಯುತ್ತದೆ. ದವಡೆ ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ನಿಗೆ ಗುರಿ ಇದೇ. ಮಕ್ಕಳಲ್ಲಿ ಈ ರಂಧ್ರ ಹಲ್ಲುಗಳು ಕಚ್ಚುವ ಮಟ್ಟಕ್ಕಿಂತ ಕೆಳಗಿರುತ್ತದೆ, ಬೆಳೆದಂತೆ ಮೇಲೇರುತ್ತದೆ. ಮಗುವಿಗೆ ದೊಡ್ಡವರ ಎತ್ತರದಲ್ಲೇ ಸೂಜಿ ಚುಚ್ಚಿದವರ ಇಂಜೆಕ್ಷನ್ ಹತ್ತದಿರುವುದಕ್ಕೆ ಇದೊಂದು ಕಾರಣ.

ಈಗ ಹೊರಮೈಗೆ ಬನ್ನಿ. ಮೆಂಟಲ್ ಫೊರಾಮೆನ್ ಸಾಮಾನ್ಯವಾಗಿ ಎರಡನೆಯ ಪ್ರೀಮೋಲಾರಿನ ನೇರ ಕೆಳಗೆ ಅಥವಾ ಎರಡು ಪ್ರೀಮೋಲಾರ್‌ಗಳ ನಡುವೆ ಇರುತ್ತದೆ. ಉಗುರನ್ನು ಅದರ ಸುತ್ತ ಆಡಿಸಿ ನೋಡಿ: ಮುಂದಿನ ಕೆಳಗಿನ ಅಂಚು ಚೂಪಾಗಿರುತ್ತದೆ, ಹಿಂದಿನ ಅಂಚು ನುಣುಪಾಗಿರುತ್ತದೆ. ರಂಧ್ರದ ಬಾಯಿ ಹಿಂದಕ್ಕೂ ಮೇಲಕ್ಕೂ ತೆರೆದುಕೊಂಡಿರುವುದರಿಂದ ನರ ಆ ನುಣುಪಾದ ಅಂಚಿನ ಮೇಲೆ ಬಾಗಿ ಹೊರಬರುತ್ತದೆ. ಆದ್ದರಿಂದ 25ನೇ ಗಟ್ಟಾಪರ್ಚಾ ಕಡ್ಡಿಯನ್ನು ನೇರವಾಗಿ ಚುಚ್ಚಿದರೆ ಅದು ಬಾಗಿ ನಿಲ್ಲುತ್ತದೆ. ಹಿಂದಿನಿಂದ, ಮೇಲಿನಿಂದ ಓರೆಯಾಗಿ ಮುಂದಕ್ಕೆ ಕೆಳಕ್ಕೆ ತಳ್ಳಿದರೆ ಸಲೀಸಾಗಿ ಇಳಿಯುತ್ತದೆ. ಈ ಓರೆ ಕೈಗೆ ಗೊತ್ತಾಯಿತೆಂದರೆ, ಎಕ್ಸ್‌ರೇಯಲ್ಲಿ ರಂಧ್ರ ಒಮ್ಮೆ ದುಂಡಗೆ, ಒಮ್ಮೆ ಮೊಟ್ಟೆಯಂತೆ, ಒಮ್ಮೆ ಸೀಳಿನಂತೆ ಕಾಣುವುದೇಕೆಂದು ಯಾರೂ ವಿವರಿಸಬೇಕಾಗಿಲ್ಲ.

ವಯಸ್ಸಿನೊಡನೆ ಅದರ ಎತ್ತರವೂ ಬದಲಾದಂತೆ ತೋರುತ್ತದೆ. ಎಳೆಗೂಸಿನಲ್ಲಿ ಅದು ದವಡೆಯ ಕೆಳ ಅಂಚಿಗೆ ಹತ್ತಿರ, ಹಲ್ಲುಳ್ಳ ವಯಸ್ಕರಲ್ಲಿ ಮೇಲಂಚು ಕೆಳಂಚುಗಳ ನಡುವೆ. ಹಲ್ಲೆಲ್ಲ ಉದುರಿ ಮೂಳೆ ಸವೆದ ವೃದ್ಧರಲ್ಲಿ ದಿಬ್ಬದ ತುದಿಗೇ ಬಂದುಬಿಡುತ್ತದೆ. ಹಲ್ಲಿನ ಸೆಟ್ ಕಚ್ಚಿದೊಡನೆ ತುಟಿ ಜುಮ್ಮೆನ್ನುತ್ತದೆ ಎನ್ನುವ ಅಜ್ಜಿಯ ದೂರನ್ನು ಸೆಟ್ಟು ಹೊಸದೆಂದು ತಳ್ಳಿಹಾಕಬಾರದು. ಸೆಟ್ಟಿನ ಅಂಚು ನರದ ಬಾಗಿಲನ್ನೇ ಒತ್ತುತ್ತಿರಬಹುದು.

ಕೊನೆಯದಾಗಿ ಒಳಮೈಯ ನಡುಗೆರೆ. ನಾಲಗೆಯ ಸ್ನಾಯುಗಳು ಅಂಟಿಕೊಳ್ಳುವ ಜೀನಿಯಲ್ ಗಂಟುಗಳ ನಡುವೆ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದು ಬಹುಪಾಲು ದವಡೆಗಳಲ್ಲಿ ಕಾಣುತ್ತದೆ, ಅದು ಲಿಂಗ್ವಲ್ ಫೊರಾಮೆನ್. ನರಕ್ಕಿಂತ ರಕ್ತನಾಳದ ಕಾರಣಕ್ಕೆ ಅದನ್ನು ನೆನಪಿಡಬೇಕು. ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕಲು ಕೊರೆಯುವಾಗ ಒಳಗೋಡೆ ತೂತಾಗಿ ಇಲ್ಲಿನ ರಕ್ತನಾಳ ಹರಿದರೆ ಬಾಯಿಯ ನೆಲ ಊದಿ, ನಾಲಗೆ ಮೇಲೆದ್ದು ಉಸಿರುಗಟ್ಟುವ ಅಪಾಯವಿದೆ. ಕೆಲವು ಮೂಳೆಗಳಲ್ಲಿ ಮೆಂಟಲ್ ಫೊರಾಮೆನ್ನಿನ ಪಕ್ಕದಲ್ಲಿ ಇನ್ನೊಂದು ಮರಿ ರಂಧ್ರ, ಬುದ್ಧಿಹಲ್ಲಿನ ಹಿಂದೆ ರೆಟ್ರೋಮೋಲಾರ್ ರಂಧ್ರ ಸಿಗುತ್ತವೆ. ಸಿಕ್ಕರೆ ಗುರುತು ಹಾಕಿಕೊಳ್ಳಿ.

ಹಂತ 2: ಅದೇ ಮೂಳೆಯ ಎಕ್ಸ್‌ರೇ ತೆಗೆಯಿರಿ

ಮೆಂಟಲ್ ಫೊರಾಮೆನ್ನಿನಲ್ಲಿ ಕಡ್ಡಿಯನ್ನು ಹಾಗೇ ಬಿಟ್ಟು, ನೇರವಾಗಿ ಒಂದು, ಎಕ್ಸ್‌ರೇ ಯಂತ್ರದ ಟ್ಯೂಬನ್ನು ಮುಂದಕ್ಕೆ ಸರಿಸಿ ಒಂದು, ಹಿಂದಕ್ಕೆ ಸರಿಸಿ ಒಂದು, ಹೀಗೆ ಮೂರು ಚಿತ್ರ ತೆಗೆಯಿರಿ. ನಂತರ ಕಡ್ಡಿ ತೆಗೆದು ಅದೇ ಮೂರನ್ನು ಮತ್ತೆ ತೆಗೆಯಿರಿ. ಲಿಂಗ್ವಲ್ ಫೊರಾಮೆನ್ನಿಗೆ 15ನೇ ಕಡ್ಡಿಯ ತುದಿ ಸಾಕಾಗುತ್ತದೆ. ಒಣ ಮೂಳೆಗೆ ಕೆನ್ನೆಯ ಮಾಂಸವಿಲ್ಲದ ಕಾರಣ ರೋಗಿಗೆ ಕೊಡುವ ಸಮಯವನ್ನೇ ಕೊಟ್ಟರೆ ಚಿತ್ರ ಸುಟ್ಟಂತೆ ಕಪ್ಪಾಗುತ್ತದೆ, ಸಮಯ ತಗ್ಗಿಸಿ.

ಕಡ್ಡಿಯಿದ್ದ ಚಿತ್ರವನ್ನೂ ಇಲ್ಲದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಿಳಿ ಕಡ್ಡಿ ಎಲ್ಲಿ ಮುಗಿಯಿತೋ ಅಲ್ಲಿಯ ಕಪ್ಪು ಚುಕ್ಕೆಯೇ ರಂಧ್ರ. ಈ ಆರು ಚಿತ್ರಗಳನ್ನು ಫೋನಿನಲ್ಲಿಟ್ಟುಕೊಂಡರೆ ಮುಂದಿನ ಹತ್ತು ವರ್ಷ ಉಪಯೋಗಕ್ಕೆ ಬರುತ್ತವೆ ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ, ಮಾಡುವವರು ಕಡಿಮೆ. ಮಾಡಿದವರು ಮಾತ್ರ "ಆರ್‌ಸಿಟಿ ಚಾಲೂ ಮಾಡ್ಲೇನ್ರಿ" ಎಂದು ಕೇಳುವುದನ್ನು ನಿಲ್ಲಿಸಿದ್ದಾರೆ.

ಹಂತ 3: ರೋಗಿಯ ಚಿತ್ರ ಓದಲು ಯೋಗ್ಯವಾಗಿದೆಯೇ ಎಂದು ಪರೀಕ್ಷಿಸಿ

ಕೆಟ್ಟ ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಒಳ್ಳೆಯ ಉತ್ತರ ಸಿಗುವುದಿಲ್ಲ. ಬೇರಿನ ತುದಿಯಿಂದಾಚೆ ಕನಿಷ್ಠ 3 ಮಿಲಿಮೀಟರ್ ಮೂಳೆ ಚಿತ್ರದಲ್ಲಿರಬೇಕು. ಕೆಳ ಪ್ರೀಮೋಲಾರ್ ಜಾಗದಲ್ಲಿ ಸೆನ್ಸರನ್ನು ಒಸಡಿಗೆ ಒತ್ತಿ ಇಳಿಸಲು ಹೋದರೆ ಬಾಯಿಯ ನೆಲಕ್ಕೆ ಚುಚ್ಚಿ ರೋಗಿ ಹಿಂದೆ ಸರಿಯುತ್ತಾರೆ, ಚಿತ್ರ ಬೇರಿನ ನಡುವಿಗೇ ಮುಗಿಯುತ್ತದೆ. ಅದನ್ನು ನಾಲಗೆಯ ಕಡೆಗೆ, ಆಳ ಹೆಚ್ಚಿರುವ ನಡುಭಾಗಕ್ಕೆ ಸರಿಸಿ ಇಳಿಸಿ. ಹೋಲ್ಡರ್ ಕಚ್ಚುತ್ತ ಬಂದಂತೆ ಬಾಯಿಯ ನೆಲ ಸಡಿಲಾಗಿ ಜಾಗ ಬಿಡುತ್ತದೆ. ನಮ್ಮ ಕಡೆ ಗುಟ್ಕಾ ಅಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದ ರೋಗಿಗಳು ಬಹಳ. ಅಂಥವರಿಗೆ ಚಿಕ್ಕ ಅಳತೆಯ ಫಿಲ್ಮ್ ಬಳಸಿ, ಅದೂ ಆಗದಿದ್ದರೆ ಓಪಿಜಿಗೆ (ಬಾಯಿಯ ಹೊರಗಿನಿಂದ ಇಡೀ ದವಡೆ ತೆಗೆಯುವ ಎಕ್ಸ್‌ರೇ) ಹೋಗಿ, ಬಲವಂತ ಬೇಡ.

ಕೋನದ ತಪ್ಪು ಇನ್ನೂ ದೊಡ್ಡದು. ಹೋಲ್ಡರ್ ಇಲ್ಲದೆ, ಬೆರಳಿನಿಂದ ಹಿಡಿಸಿ ಹಲ್ಲಿಗೂ ಫಿಲ್ಮಿಗೂ ನಡುವಿನ ಕೋನವನ್ನು ಅರ್ಧಿಸಿ ಕಿರಣ ಹಾಯಿಸುವ ಬೈಸೆಕ್ಟಿಂಗ್ ವಿಧಾನದಲ್ಲಿ ತೆಗೆಯುವಾಗ ಕೆಳ ಪ್ರೀಮೋಲಾರ್‌ಗೆ ಟ್ಯೂಬಿನ ಕೋನ ಸುಮಾರು ಮೈನಸ್ 10 ಡಿಗ್ರಿ (ಕೆಳಗಿನಿಂದ ತುಸು ಮೇಲ್ಮುಖ) ಇರಬೇಕು. ಬೇರು ಪೂರ್ತಿ ಬರಲೆಂದು ಟ್ಯೂಬನ್ನು ಇನ್ನೂ ಕೆಳಗಿಳಿಸಿ ಮೇಲ್ಮುಖ ಮಾಡಿದರೆ ಏನಾಗುತ್ತದೆಂದು ಯೋಚಿಸಿ. ಮೆಂಟಲ್ ಫೊರಾಮೆನ್ ಕೆನ್ನೆಯ ಕಡೆ, ಅಂದರೆ ಸೆನ್ಸರಿನಿಂದ ದೂರ ಇದೆ. ಕಿರಣ ಕೆಳಗಿನಿಂದ ಮೇಲಕ್ಕೆ ಹಾಯುವಾಗ ದೂರದ ವಸ್ತುವಿನ ನೆರಳು ಹೆಚ್ಚು ಮೇಲಕ್ಕೆ ಬೀಳುತ್ತದೆ. ಹೀಗೆ ಬೇರಿನಿಂದ ಕೆಳಗಿದ್ದ ರಂಧ್ರ ಚಿತ್ರದಲ್ಲಿ ಬೇರಿನ ತುದಿಗೇ ಬಂದು ಕೂರುತ್ತದೆ. ನನಗೆ ಬರುವ "ಕೀವಿನ ಗಂಟು"ಗಳಲ್ಲಿ ಹಲವು ಈ ರೀತಿ ನಮ್ಮ ಕೈಯಾರೆ ತಯಾರಾದವು.

ಫಿಲ್ಮ್ ತೊಳೆಯುವವರಿಗೆ ಬಿಸಿಲಿನ ತೊಂದರೆ ಬೇರೆ. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ ಎಂಬ ಲೆಕ್ಕ ಏಪ್ರಿಲ್, ಮೇ ತಿಂಗಳ ವಿಜಯಪುರಕ್ಕೆ ಹೊಂದುವುದಿಲ್ಲ. ಹೊರಗೆ 40 ಡಿಗ್ರಿ ಇರುವಾಗ ಡಾರ್ಕ್ ರೂಮಿನ ದ್ರಾವಣವೂ ಕಾದಿರುತ್ತದೆ, ಅದೇ 5 ನಿಮಿಷ ಅದ್ದಿಟ್ಟರೆ ಫಿಲ್ಮ್ ಕಪ್ಪಾಗಿ ಬೇರಿನ ಸುತ್ತಲಿನ ತೆಳು ಬಿಳಿಗೆರೆ ಅಳಿಸಿಹೋಗುತ್ತದೆ. ತೊಟ್ಟಿಯ ಸುತ್ತ ಐಸ್ ಇಟ್ಟು ತಣಿಸಬೇಕು, ಇಲ್ಲವೇ ತಯಾರಕರು ಕೊಟ್ಟ ಪಟ್ಟಿ ನೋಡಿ ಸಮಯ ಕಡಿಮೆ ಮಾಡಬೇಕು. ಐಸ್ ತುಂಡನ್ನು ಡೆವಲಪರಿನೊಳಗೇ ಹಾಕುವುದನ್ನು ಕಂಡಿದ್ದೇನೆ. ದ್ರಾವಣ ನೀರಾಗಿ ಮುಂದಿನ ಫಿಲ್ಮ್‌ಗಳೆಲ್ಲ ಪೇಲವವಾಗುತ್ತವೆ. ಆರ್‌ವಿಜಿ ಬಳಸುವವರು ಕಂಪ್ಯೂಟರಿನ ಶಾರ್ಪನ್ ಗುಂಡಿಯನ್ನು ಒತ್ತದೆ ಮೂಲ ಚಿತ್ರವನ್ನು ಮೊದಲು ನೋಡಬೇಕು, ಏಕೆಂದರೆ ಅತಿಯಾಗಿ ಹರಿತಗೊಳಿಸಿದ ಚಿತ್ರದಲ್ಲಿ ಅಂಚಿನ ಸುತ್ತ ಇಲ್ಲದ ಕಪ್ಪು ಹುಟ್ಟಿಕೊಳ್ಳುತ್ತದೆ.

ಹಂತ 4: ಚುಕ್ಕೆಯನ್ನು ಬಿಟ್ಟು ಉಳಿದದ್ದನ್ನು ಓದಿ

ಈಗ ಹೆಬ್ಬೆರಳಿನಿಂದ ಆ ಚುಕ್ಕೆಯನ್ನು ಮುಚ್ಚಿಕೊಳ್ಳಿ. ಹಲ್ಲಿನ ಮೇಲ್ಭಾಗದಿಂದ ಆರಂಭಿಸಿ: ಹುಳುಕಿದೆಯೇ, ಫಿಲ್ಲಿಂಗ್ ಹಲ್ಲಿನೊಳಗಿನ ಜೀವಂತ ತಿರುಳಾದ ಪಲ್ಪಿಗೆ ಹತ್ತಿರವಿದೆಯೇ, ಪಲ್ಪ್ ಕೋಣೆಯ ಅಗಲ ಪಕ್ಕದ ಹಲ್ಲಿನಂತೆಯೇ ಇದೆಯೇ? ಬಳಿಕ ಬೇರಿನ ಒಂದು ಬದಿಯಿಂದ ಕಣ್ಣನ್ನು ನಿಧಾನವಾಗಿ ಇಳಿಸಿ. ಬೇರಿಗೆ ಅಂಟಿದಂತೆ ತೆಳುವಾದ ಕಪ್ಪು ಗೆರೆಯಿದೆ, ಅದು ಬೇರನ್ನು ಮೂಳೆಗೆ ಕಟ್ಟುವ ನಾರಾದ ಪೆರಿಯೋಡಾಂಟಲ್ ಲಿಗಮೆಂಟಿನ ಜಾಗ. ಅದರಾಚೆ ತೆಳು ಬಿಳಿಗೆರೆ, ಅದು ಬೇರಿನ ಗೂಡಿನ ಗಟ್ಟಿ ಮೂಳೆಗೋಡೆಯಾದ ಲ್ಯಾಮಿನಾ ಡ್ಯೂರಾ. ಎರಡೂ ಗೆರೆಗಳು ತುದಿಯನ್ನು ಸುತ್ತಿಕೊಂಡು ಇನ್ನೊಂದು ಬದಿಯಿಂದ ಮೇಲೆ ಬರಬೇಕು.

ಈಗ ಹೆಬ್ಬೆರಳು ತೆಗೆಯಿರಿ. ಚುಕ್ಕೆಯ ಮೇಲೆ ಹಾದುಹೋಗುವಾಗಲೂ ಆ ಬಿಳಿಗೆರೆ ಕಡಿಯದೆ ಸಾಗಿದ್ದರೆ ಅದು ಬೇರಿನ ಮುಂದೆ ಬಿದ್ದ ರಂಧ್ರದ ನೆರಳಿರಬಹುದೆಂಬುದಕ್ಕೆ ಬಲವಾದ ಸಾಕ್ಷಿ. ಕಪ್ಪು ಗೆರೆ ತುದಿಯ ಹತ್ತಿರ ಅಗಲವಾಗುತ್ತ ಹೋಗಿ ಚುಕ್ಕೆಯಲ್ಲೇ ಕರಗಿದ್ದರೆ, ಬಿಳಿಗೆರೆ ಅಲ್ಲಿ ಮಾಯವಾಗಿದ್ದರೆ, ಹಲ್ಲಿನ ಮೂಲದ ರೋಗವನ್ನು ಸಂಶಯಿಸಬೇಕು.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಮೊದಲನೆಯದು, ಚುಕ್ಕೆಗೆ ಬಿಳಿ ಅಂಚಿದ್ದರೆ ರಂಧ್ರ, ಇಲ್ಲದಿದ್ದರೆ ಕೀವು ಎಂಬ ಸುಲಭ ಸೂತ್ರ. ಬೇರಿನ ತುದಿಯ ಸಿಸ್ಟಿಗೂ (ದ್ರವ ತುಂಬಿದ ಚೀಲ) ಬಿಳಿ ಅಂಚಿರುತ್ತದೆ, ಮೆಂಟಲ್ ಫೊರಾಮೆನ್ನಿಗೆ ಅರ್ಧ ಅಂಚು ಮಾತ್ರ ಇರಬಹುದು ಅಥವಾ ಇಲ್ಲದೆಯೂ ಇರಬಹುದು. ಎರಡನೆಯದು ಎಳೆಯ ವಯಸ್ಸಿನದು. ಹನ್ನೊಂದು ಹನ್ನೆರಡು ವರ್ಷದ ಮಗುವಿನ ಎರಡನೆಯ ಪ್ರೀಮೋಲಾರಿನ ಬೇರು ಇನ್ನೂ ಮುಚ್ಚಿಕೊಂಡಿರುವುದಿಲ್ಲ. ಅದರ ತೆರೆದ ಬಾಯಿಯಲ್ಲಿ ಬೆಳೆಯುವ ಅಂಗಾಂಶ ದುಂಡನೆಯ ಕಪ್ಪಾಗಿ ಕಾಣುತ್ತದೆ. ಎದುರು ಬದಿಯ ಹಲ್ಲಿನ ಚಿತ್ರ ತೆಗೆದರೆ ಅಲ್ಲೂ ಅದೇ ಕಾಣುವುದರಿಂದ ಸಂಶಯ ಹರಿಯುತ್ತದೆ.

ಹಂತ 5: ಜಾಗದ ಪ್ರಕಾರ ಸಹಜ ನೆರಳುಗಳನ್ನು ಹೊಂದಿಸಿ ನೋಡಿ

ಬಾಚಿ ಹಲ್ಲುಗಳ ಕೆಳಗೆ, ನಡುಗೆರೆಯಲ್ಲಿ ಬಿಳಿ ಉಂಗುರದೊಳಗೆ ಒಂದು ಸಣ್ಣ ಕಪ್ಪು ಚುಕ್ಕೆ ಕಂಡರೆ ಉಂಗುರ ಜೀನಿಯಲ್ ಗಂಟುಗಳದ್ದು, ಚುಕ್ಕೆ ಲಿಂಗ್ವಲ್ ಫೊರಾಮೆನ್. ಅದು ಬೇರುಗಳಿಂದ ಸಾಕಷ್ಟು ಕೆಳಗಿರುವುದರಿಂದ ಸಾಮಾನ್ಯವಾಗಿ ಗೊಂದಲ ಕಡಿಮೆ. ಅದೇ ಜಾಗದಲ್ಲಿ ಬೇರುಗಳ ನಡುವೆ ಲಂಬವಾಗಿ ಇಳಿಯುವ ತೆಳು ಕಪ್ಪು ಗೆರೆಗಳು ಪೋಷಕ ರಕ್ತನಾಳಗಳ ಕಾಲುವೆಗಳು. ಅಂಥ ಕಾಲುವೆ ಚಿತ್ರಕ್ಕೆ ನೇರವಾಗಿ ಎದುರಾಗಿ ತೆರೆದಾಗ ಚುಕ್ಕೆಯಾಗಿ ಕಾಣುತ್ತದೆ. ಹಲ್ಲು ಮುರಿದ ಗೆರೆಯೆಂದು ಇವನ್ನು ಓದಬಾರದು, ಗೆರೆ ಬೇರಿನೊಳಗೆ ಹೋಗದೆ ಮೂಳೆಯಲ್ಲೇ ಇರುವುದನ್ನು ಗಮನಿಸಿ. ಬಾಚಿ ಹಲ್ಲುಗಳ ಬೇರಿನ ಮೇಲೆ ಅಂಚಿಲ್ಲದ ಮಬ್ಬು ಕಪ್ಪು ಹರಡಿದ್ದರೆ ಅದು ಮುಂಭಾಗದ ಮೂಳೆ ತಗ್ಗಾಗಿರುವ ಮೆಂಟಲ್ ಫಾಸಾ.

ದವಡೆ ಹಲ್ಲುಗಳ ಕೆಳಗೆ ಎರಡು ಬಿಳಿಗೆರೆಗಳ ನಡುವಿನ ಕಪ್ಪು ಪಟ್ಟಿ ನರದ ಕಾಲುವೆ. ಅದನ್ನು ಮುಂದಕ್ಕೆ ಹಿಂಬಾಲಿಸಿದರೆ ಹಲವರಲ್ಲಿ ಮೆಂಟಲ್ ಫೊರಾಮೆನ್ನಿಗೇ ತಲಪುತ್ತೀರಿ. ಚುಕ್ಕೆಗೆ ಕಾಲುವೆ ಬಂದು ಕೂಡಿದ್ದು ಕಂಡರೆ ಅರ್ಧ ಕೆಲಸ ಮುಗಿದಂತೆ. ಕಾಲುವೆಯ ಕೆಳಗೆ ಅಗಲವಾಗಿ, ಅಂಚು ಸ್ಪಷ್ಟವಿಲ್ಲದೆ ಹರಡಿದ ಕಪ್ಪು ಜೊಲ್ಲುಗ್ರಂಥಿ ಕೂರುವ ತಗ್ಗು. ಕಾಲುವೆಗಿಂತ ಕೆಳಗೆ, ದವಡೆಯ ಮೂಲೆಯ ಹತ್ತಿರ ಗಟ್ಟಿ ಅಂಚುಳ್ಳ ದುಂಡು ಕಪ್ಪು ಇದ್ದರೆ ಅದು ಸ್ಟ್ಯಾಫ್ನೆ ಎಂಬ ಸಹಜ ಕುಳಿಯಾಗಿರಬಹುದು. ಹಲ್ಲಿನಿಂದ ಹುಟ್ಟುವ ರೋಗಗಳು ಸಾಮಾನ್ಯವಾಗಿ ಕಾಲುವೆಗಿಂತ ಮೇಲೆ ಇರುತ್ತವೆ ಎಂಬ ನಿಯಮ ಇಲ್ಲಿ ಬಹಳ ಸಹಾಯ ಮಾಡುತ್ತದೆ.

ಹಂತ 6: ಹಲ್ಲಿಗೆ ಜೀವವಿದೆಯೇ ಎಂದು ಕೇಳಿ

ನಾನು ಇಂಟರ್ನ್ ಆಗಿದ್ದ ವರ್ಷ ಇಂಥದೇ ಚುಕ್ಕೆ ನೋಡಿ 45ನೇ ಹಲ್ಲೊಂದನ್ನು (ಕೆಳಬಲದ ಎರಡನೆಯ ಪ್ರೀಮೋಲಾರ್) ತೆರೆದಿದ್ದೆ. ಸತ್ತ ಪಲ್ಪ್ ಇರಬೇಕಾದ ಜಾಗದಿಂದ ಕೆಂಪು ರಕ್ತ ಚಿಮ್ಮಿತು. ಆ ಮನುಷ್ಯನ ಹಲ್ಲಿಗೆ ಏನೂ ಆಗಿರಲಿಲ್ಲ, ಆದದ್ದೆಲ್ಲ ನನ್ನಿಂದ ಆಯಿತು. ತೆರೆದ ಹಲ್ಲನ್ನು ಮತ್ತೆ ಮುಚ್ಚಿ ಮೊದಲಿನಂತೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ, ಆದ್ದರಿಂದಲೇ ಈ ಹಂತವನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ವಿಧಾನ ಸರಳವಾಗಿದೆ. ಹಲ್ಲನ್ನು ಹತ್ತಿಯಿಂದ ಒಣಗಿಸಿ, ಎದುರು ಬದಿಯ ಆರೋಗ್ಯವಂತ ಹಲ್ಲಿಗೆ ಮೊದಲು ಐಸ್ ಕಡ್ಡಿ ತಾಗಿಸಿ ರೋಗಿಗೆ ಅನುಭವ ಪರಿಚಯಿಸಿ, ಬಳಿಕ ಸಂಶಯದ ಹಲ್ಲಿಗೆ ತಾಗಿಸಿ. ಕರಗಿದ ನೀರು ಪಕ್ಕದ ಹಲ್ಲಿಗೆ ಹರಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಕ್ಕದ ಹಲ್ಲಿನ ಉತ್ತರ ನಿಮಗೆ ಸಿಗುತ್ತದೆ. ತಕ್ಷಣ ಚುರುಕಾಗಿ ತಾಗಿ, ಕಡ್ಡಿ ತೆಗೆದ ಕೆಲವೇ ಕ್ಷಣಗಳಲ್ಲಿ ನಿಂತರೆ ಪಲ್ಪ್ ಆರೋಗ್ಯವಾಗಿದೆ. ಬಹಳ ಹೊತ್ತು ನೋವು ಉಳಿದರೆ ಪಲ್ಪ್ ಬೇನೆಗೊಂಡಿದೆ. ಏನೂ ತಿಳಿಯದಿದ್ದರೆ ಸತ್ತಿರಬಹುದು. ಆದರೆ ವಯಸ್ಸಾದವರಲ್ಲಿ ಪಲ್ಪ್ ಕಿರಿದಾಗಿಯೂ ಕ್ಯಾಪ್ ಹಾಕಿದ ಹಲ್ಲಿನಲ್ಲಿ ತಂಪು ಒಳಗೆ ಹೋಗದೆಯೂ ಇದೇ ಉತ್ತರ ಬರುತ್ತದೆ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುವುದನ್ನೂ ಒಸಡಿನ ಮೇಲೆ ಬೇರಿನ ನೇರಕ್ಕೆ ಒತ್ತಿ ನೋಡುವುದನ್ನೂ ಜೊತೆಗೆ ಮಾಡಿ.

ಇಳಕಲ್ ಕಡೆಯಿಂದ ಬಂದ ಮಗ್ಗದ ಕೆಲಸದ ಹೆಣ್ಣುಮಗಳೊಬ್ಬರು ಬೇರೆ ಕಡೆ ತೆಗೆಸಿದ ಎಕ್ಸ್‌ರೇ ಹಿಡಿದು ಕುಳಿತಿದ್ದರು. 35ನೇ ಹಲ್ಲಿನ (ಕೆಳಎಡದ ಎರಡನೆಯ ಪ್ರೀಮೋಲಾರ್) ಕೆಳಗೆ ಚುಕ್ಕೆ, ರೂಟ್ ಕೆನಾಲ್ ಮತ್ತು ಕ್ಯಾಪಿಗೆ ಲೆಕ್ಕ ಬರೆದುಕೊಟ್ಟ ಚೀಟಿ. "ಅಕ್ಕಾರ, ತಂಪ್ ಹತ್ತಿದ ಕೂಡ್ಲೇ ಕೈ ಎತ್ರಿ" ಎಂದು ಕಡ್ಡಿ ತಾಗಿಸಿದೆ. "ಅಯ್ಯ, ಸಾಕ್ರೀ ಡಾಕ್ಟರ್ರ, ನೆತ್ತಿಗೇ ಏರ್ತು!" ಎಂದು ಕೈಯೆತ್ತಿದರು, ಎರಡು ಕ್ಷಣಕ್ಕೆ ನಿಂತಿತು. ಬಲಗಡೆಯ ಹಲ್ಲಿನಲ್ಲೂ ಅಷ್ಟೇ. ಅವರ ನಿಜವಾದ ನೋವು ಅದರ ಹಿಂದಿನ 36ನೇ ಹಲ್ಲಿನ ಒಸಡಿನಲ್ಲಿ ಸಿಕ್ಕಿದ್ದ ಜೋಳದ ಸಿಪ್ಪೆಯದಾಗಿತ್ತು.

ಹಂತ 7: ಟ್ಯೂಬ್ ಸರಿಸಿ ಎರಡನೆಯ ಚಿತ್ರ ತೆಗೆಯಿರಿ

ಇಷ್ಟಾದರೂ ಸಂಶಯ ಉಳಿದರೆ ಮಾತ್ರ ಎರಡನೆಯ ಚಿತ್ರ ತೆಗೆಯಬೇಕು. ಅದರ ತತ್ತ್ವವನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಕಣ್ಣಾರೆ ಕಾಣುವುದು ಲೇಸು. ಎರಡು ತೋರುಬೆರಳುಗಳನ್ನು ಮುಖದ ಮುಂದೆ ಒಂದರ ಹಿಂದೆ ಒಂದು ಹಿಡಿದು, ಒಂದು ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ಸರಿಸಿ. ದೂರದ ಬೆರಳು ನಿಮ್ಮೊಡನೆ ಬಲಕ್ಕೆ ಬರುತ್ತದೆ, ಹತ್ತಿರದ ಬೆರಳು ಎಡಕ್ಕೆ ಹೋಗುತ್ತದೆ. ನಿಮ್ಮ ಕಣ್ಣು ಟ್ಯೂಬ್, ಹತ್ತಿರದ ಬೆರಳು ಕೆನ್ನೆ ಕಡೆಯ ವಸ್ತು, ದೂರದ ಬೆರಳು ನಾಲಗೆ ಕಡೆಯ ವಸ್ತು. ಮೆಂಟಲ್ ಫೊರಾಮೆನ್ ಕೆನ್ನೆ ಕಡೆ ಇರುವುದರಿಂದ ಬೇರಿಗೆ ಹೋಲಿಸಿದರೆ ಟ್ಯೂಬ್ ಸರಿದ ದಿಕ್ಕಿಗೆ ವಿರುದ್ಧವಾಗಿ ಸರಿಯುತ್ತದೆ. ಲಿಂಗ್ವಲ್ ಫೊರಾಮೆನ್ ಟ್ಯೂಬಿನ ದಿಕ್ಕಿಗೇ ಸರಿಯುತ್ತದೆ.

ಹಾಗಾದರೆ 35ನೇ ಹಲ್ಲಿನ ತುದಿಯಲ್ಲಿ ಚುಕ್ಕೆ ಇದ್ದರೆ, ಸೆನ್ಸರನ್ನು ಅದೇ ಜಾಗದಲ್ಲಿಟ್ಟು, ಮೇಲುಕೆಳಗಿನ ಕೋನ ಬದಲಿಸದೆ, ಟ್ಯೂಬನ್ನು ಸುಮಾರು 20 ಡಿಗ್ರಿ ಮುಂದಕ್ಕೆ, ಕೋರೆಹಲ್ಲಿನ ಕಡೆಗೆ ಸರಿಸಿ. ರಂಧ್ರವಾಗಿದ್ದರೆ ಚುಕ್ಕೆ ಹಿಂದಕ್ಕೆ, 36ನೇ ಹಲ್ಲಿನ ಕಡೆಗೆ ಜಾರಿ, 35ರ ತುದಿ ತನ್ನ ಬಿಳಿಗೆರೆಯೊಂದಿಗೆ ಸ್ವಚ್ಛವಾಗಿ ಹೊರಬೀಳುತ್ತದೆ. ರೋಗವಾಗಿದ್ದರೆ ಎರಡೂ ಚಿತ್ರಗಳಲ್ಲಿ ತುದಿಯನ್ನು ಬಿಡದೆ ಅಂಟಿಕೊಂಡಿರುತ್ತದೆ.

ಸೆನ್ಸರನ್ನೂ ಟ್ಯೂಬನ್ನೂ ಒಟ್ಟಿಗೆ ಸರಿಸುವುದು, ರೋಗಿ ತಲೆ ತಿರುಗಿಸಿದ್ದನ್ನು ಗಮನಿಸದಿರುವುದು, ಮುಂದಕ್ಕೆ ಸರಿಸಿದೆನೋ ಹಿಂದಕ್ಕೋ ಎಂದು ಸಂಜೆಗೆ ಮರೆಯುವುದು, ಈ ಮೂರರಿಂದ ಎರಡನೆಯ ಚಿತ್ರ ನಿರುಪಯೋಗಿಯಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಚಿತ್ರದ ಹೆಸರಿನಲ್ಲೇ "35 ಮುಂದೆ" ಎಂದು ಬರೆದಿಡಿ. ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ನೋಂದಣಿ ಇರಲೇಬೇಕು. ಗುಂಡಿ ಒತ್ತುವವರು ಕನಿಷ್ಠ 6 ಅಡಿ ದೂರ, ಕಿರಣದ ನೇರದಿಂದ ಪಕ್ಕಕ್ಕೆ ನಿಲ್ಲಬೇಕು. ಹೆಚ್ಚುವರಿ ಕಿರಣದ ಹಿಂಜರಿಕೆ ಒಳ್ಳೆಯದೇ, ಆದರೆ ಒಂದು ಆರೋಗ್ಯವಂತ ಹಲ್ಲು ಉಳಿಯುವುದಾದರೆ ಆ ಒಂದು ಚಿತ್ರಕ್ಕೆ ಸಾಕಷ್ಟು ಕಾರಣವಿದೆ.

ಚುಕ್ಕೆ ಎರಡೂ ಚಿತ್ರಗಳಲ್ಲಿ ತುದಿಗೇ ಅಂಟಿದೆ, ಆದರೆ ಹಲ್ಲು ಐಸಿಗೆ ಸರಿಯಾಗಿ ಸ್ಪಂದಿಸುತ್ತಿದೆ ಎಂಬ ಸಂದರ್ಭವೂ ಬರುತ್ತದೆ. ನಡುವಯಸ್ಸಿನ ಹೆಂಗಸರ ಕೆಳ ಬಾಚಿ ಹಲ್ಲುಗಳಲ್ಲಿ ಇದು ಬೇರಿನ ತುದಿಯ ಮೂಳೆ ಬದಲಾಗುವ, ಕ್ಯಾನ್ಸರ್ ಅಲ್ಲದ ಸೆಮೆಂಟೋ-ಆಸಿಯಸ್ ಡಿಸ್‌ಪ್ಲೇಸಿಯಾದ ಮೊದಲ ಘಟ್ಟವಿರಬಹುದು. ಅಲ್ಲೂ ಹಲ್ಲನ್ನು ತೆರೆಯಬಾರದು, ಕಾಲಕಾಲಕ್ಕೆ ಚಿತ್ರ ತೆಗೆದು ನೋಡಬೇಕು.

ಹಂತ 8: ಓಪಿಜಿ ಮತ್ತು ಸಿಬಿಸಿಟಿ ಯಾವಾಗ

ಎರಡು ಸಣ್ಣ ಚಿತ್ರಗಳಲ್ಲಿ ಮುಗಿಯುವ ಪ್ರಶ್ನೆಗೆ ಇಂಡಿ, ಸಿಂದಗಿ, ಹುನಗುಂದದ ಕೂಲಿಯವರನ್ನು ಒಂದು ದಿನದ ಸಂಬಳ ಕಳೆದು ನಗರಕ್ಕೆ ಓಡಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಓಪಿಜಿಯಲ್ಲಿ ಎರಡೂ ಬದಿಯ ರಂಧ್ರಗಳನ್ನು ಹೋಲಿಸಬಹುದು, ಮ್ಯಾಂಡಿಬ್ಯುಲರ್ ಫೊರಾಮೆನ್ನಿನ ಎತ್ತರ ತಿಳಿಯಬಹುದು. ಆದರೆ ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ, ಬೆನ್ನುಮೂಳೆಗಳ ಭೂತನೆರಳು ಮುಂಭಾಗವನ್ನು ಮಸುಕುಗೊಳಿಸುತ್ತದೆ. ಅದರ ಮೇಲೆ ಅಳತೆಪಟ್ಟಿ ಇಟ್ಟು ಇಂಪ್ಲಾಂಟಿನ ಉದ್ದ ನಿರ್ಧರಿಸಬಾರದು.

ಇಂಪ್ಲಾಂಟ್, ಮೆಂಟಲ್ ಫೊರಾಮೆನ್ ಸಮೀಪದ ಶಸ್ತ್ರಚಿಕಿತ್ಸೆ, ನರಕ್ಕೆ ಅಂಟಿದ ಬುದ್ಧಿಹಲ್ಲು, ಇವಕ್ಕೆ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಓದುವಾಗ ಮ್ಯಾಂಡಿಬ್ಯುಲರ್ ಫೊರಾಮೆನ್ನಿನಿಂದ ಆರಂಭಿಸಿ ಅಡ್ಡ ಸೀಳುಗಳಲ್ಲಿ ಒಂದೊಂದಾಗಿ ಮುಂದೆ ಬನ್ನಿ. ಕಾಲುವೆ ಕೆಲವರಲ್ಲಿ ರಂಧ್ರವನ್ನು ದಾಟಿ ಕೆಲವು ಮಿಲಿಮೀಟರ್ ಮುಂದೆ ಹೋಗಿ, ಹಿಂದಕ್ಕೆ ಬಾಗಿ ಹೊರಬೀಳುತ್ತದೆ. ರಂಧ್ರ ಕಂಡ ಜಾಗದಲ್ಲೇ ನರ ಮುಗಿಯಿತೆಂದುಕೊಂಡು ಅದರ ಮುಂದೆಯೇ ಕೊರೆದವರು ತುಟಿ ಮರಗಟ್ಟಿಸಿದ ಉದಾಹರಣೆಗಳಿರುವುದು ಈ ಬಾಗಿನಿಂದ. ನರದ ಮೇಲೆ ಕನಿಷ್ಠ 2 ಮಿಲಿಮೀಟರ್ ಬಿಡಬೇಕೆಂಬ ನಿಯಮ ಈ ಬಾಗಿಗೂ ಅನ್ವಯಿಸುತ್ತದೆ. ಹೊರಗೋಡೆಯಲ್ಲಿ ಎರಡನೆಯ ರಂಧ್ರ ಕಂಡರೆ ಅದನ್ನು ಕಾಲುವೆಯವರೆಗೆ ಹಿಂಬಾಲಿಸಿ. ಕೂಡಿದರೆ ಮಾತ್ರ ಅದು ಹೆಚ್ಚುವರಿ ಮೆಂಟಲ್ ಫೊರಾಮೆನ್, ಕೂಡದಿದ್ದರೆ ಬರಿಯ ಪೋಷಕ ರಂಧ್ರ. ನಡುಗೆರೆಯ ಸೀಳನ್ನು ತೆರೆದು ಒಳಗೋಡೆಯ ಲಿಂಗ್ವಲ್ ಕಾಲುವೆಯನ್ನೂ ನೋಡದೆ ಇಂಪ್ಲಾಂಟ್ ಯೋಜನೆ ಮುಗಿಸಬೇಡಿ.

ತಕ್ಷಣ ಎಚ್ಚರಗೊಳ್ಳಬೇಕಾದ ಲಕ್ಷಣಗಳು

ಹಲ್ಲು ಕಿತ್ತಿಲ್ಲ, ಇಂಜೆಕ್ಷನ್ ಕೊಟ್ಟಿಲ್ಲ, ಆದರೂ ಒಂದು ಬದಿಯ ಕೆಳತುಟಿ ಅಥವಾ ಗದ್ದ ಜೋಮು ಹಿಡಿದಿದೆ ಎಂದು ರೋಗಿ ಹೇಳಿದರೆ ಎಲ್ಲ ಕೆಲಸ ಬಿಟ್ಟು ಕೇಳಿ. ದವಡೆಯಲ್ಲಿ ಅಥವಾ ದೇಹದ ಬೇರೆಡೆ ಇರುವ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಹೀಗೆ ಕಾಣಿಸಿಕೊಳ್ಳುತ್ತದೆ. ತಂಬಾಕು ಬಳಸುವವರಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಬದಿಯ ರಂಧ್ರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿರುವುದು, ಅಂಚು ಇಲಿ ಕಡಿದಂತೆ ಚಿಂದಿಯಾಗಿರುವುದು, ನರದ ಕಾಲುವೆ ಒಂದೇ ಕಡೆ ಉಬ್ಬಿರುವುದು, ಹಳೆಯ ಚಿತ್ರದಲ್ಲಿದ್ದುದಕ್ಕಿಂತ ಚುಕ್ಕೆ ಬೆಳೆದಿರುವುದು, ಹಲ್ಲು ಕಾರಣವಿಲ್ಲದೆ ಅಲುಗಾಡುವುದು, ಇವೆಲ್ಲ ರಂಧ್ರದ ಸ್ವಭಾವಗಳಲ್ಲ. ಇಂಥವರನ್ನು ಅಂದೇ ಮುಖ-ದವಡೆ ಶಸ್ತ್ರತಜ್ಞರಲ್ಲಿಗೆ ಕಳುಹಿಸಬೇಕು.

ಎದುರಿನ ತಪ್ಪನ್ನೂ ಮರೆಯಬೇಡಿ. ರೋಗ ಮೂಳೆಯ ಒಳಭಾಗದಲ್ಲಷ್ಟೇ ಇದ್ದು ಗಟ್ಟಿ ಹೊರಪದರವನ್ನು ಮುಟ್ಟುವವರೆಗೆ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಚುಕ್ಕೆ ಇಲ್ಲವೆಂದು, ತಟ್ಟಿದರೆ ನೋಯುವ, ಐಸಿಗೆ ಸ್ಪಂದಿಸದ ಹಲ್ಲನ್ನು ಸರಿಯಿದೆ ಎಂದು ಕಳುಹಿಸಬಾರದು.

ಹಂತ 9: ಕೇಸ್ ಪೇಪರಿನಲ್ಲಿ ಬರೆಯಿರಿ

ಚುಕ್ಕೆ ರಂಧ್ರವೆಂದು ಖಚಿತವಾದ ಮೇಲೆ ಅದನ್ನು ಬರೆಯದೆ ಬಿಟ್ಟರೆ, ಎರಡು ವರ್ಷದ ನಂತರ ಇನ್ನೊಬ್ಬರು ಅದೇ ಹಲ್ಲನ್ನು ತೆರೆಯುತ್ತಾರೆ. ಹಲ್ಲಿನ ಸಂಖ್ಯೆ, ಲ್ಯಾಮಿನಾ ಡ್ಯೂರಾ ಉಳಿದಿದೆಯೇ, ಐಸ್ ಪರೀಕ್ಷೆಗೆ ಎರಡೂ ಬದಿಯ ಉತ್ತರ, ಟ್ಯೂಬ್ ಸರಿಸಿದ ದಿಕ್ಕು, ಚುಕ್ಕೆ ಸರಿದ ದಿಕ್ಕು, ದಿನಾಂಕ, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ಅದೇ ಎರಡು ಸಾಲನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಎಕ್ಸ್‌ರೇಯ ಪ್ರತಿಯೊಂದಿಗೆ ರೋಗಿಯ ಕೈಗೆ ಕೊಟ್ಟು, ಮುಂದೆ ಯಾವ ದವಾಖಾನೆಗೆ ಹೋದರೂ ಮೊದಲು ಇದನ್ನು ತೋರಿಸಿರಿ ಎಂದು ಹೇಳಿ ಕಳುಹಿಸಿ.